ದೊರೆ ಕಲ್ಲಿನ ಬುಡ

ಬಂಗಾರಪೇಟೆಯ ರೈಲ್ವೆ ಗೇಟು ಹಾಕಿತ್ತು. ಮೊಪೆಡ್ಡಿನ ಮುಂದೆ ಐದು ಕೆ.ಜಿ. ಬಿಳಿ ಸಿಮೆಂಟಿನ ಚೀಲ ಇಟ್ಟುಕೊಂಡು, ಅದು ಜಾರದಂತೆ ಮೊಣಕಾಲುಗಳ ನಡುವೆ ಒತ್ತಿ ಹಿಡಿದು ನಿಂತಿದ್ದ ಮುನಿರಾಜುವಿಗೆ ಸೆಲ್ವರಾಜನ ಫೋನು ಬಂದದ್ದು ಆಗ. ಸೆಲ್ವರಾಜ್ ಚಾಂಪಿಯನ್ ರೀಫ್ಸಿನ ಚರ್ಚಿನ ಕಮಿಟಿಯವನು. ಚಿನ್ನದ ಗಣಿ ಮುಚ್ಚುವವರೆಗೂ ಒಳಗೆ ಡ್ರಿಲ್ಲಿಂಗ್ ಮಾಡಿ ಕಿವಿ ಮಂದ ಮಾಡಿಕೊಂಡವನಾದ್ದರಿಂದ ಗುಟ್ಟಿನ ಮಾತನ್ನೂ ಕೂಗಿಯೇ ಹೇಳುತ್ತಿದ್ದ. “ಮೇಸ್ತ್ರಿ, ಕೇಳ್ತೈತಾ? ದೊರೆ ಕಲ್ಲು ಬುಡದಾಗೆ ಏನೇನೋ ಮೊಳ್ತೈತೆ. ಗೋಣಿಚೀಲ ಎತ್ತಿ ನೋಡ್ತೀನಿ, ಹಳದಿ ಹಳದಿ, ಗೇಣುದ್ದ! ಟೀಚರ್ ಬಂದ್ಬುಟ್ರು, ಪಾಸ್ಟರೂ ಬಂದ್ರು. ಕಲಾನ ನಿಲ್ಲಿಸ್ಕೊಂಡು ಕೇಳ್ತಾವ್ರೆ.” ಯಾವ ಕಲಾ ಎಂದು ಮುನಿರಾಜು ಗೊತ್ತಿದ್ದೂ ಕೇಳಿದ. “ಅದೇಪ್ಪಾ, ಚರ್ಚು ಗುಡಿಸೋಳು. ಅವಳೇ ಅಲ್ವಾ ದಿನಾ ನೀರು ಆಕಿದ್ದು, ಇನ್ಯಾರು? ನಾಳೆ ಕಲ್ಲು ತೆರೆಯೋದು. ಇವತ್ತೇ ಅವಳ್ನ ಕೆಲಸದಿಂದ ಬಿಡಿಸಿ ಅಂತಾವ್ರೆ ಟೀಚರ್. ನೀವು ಸೀದಾ ಬನ್ನಿ, ಅದನ್ನೆಲ್ಲಾ ಕಿತ್ತು ನೆಟ್ಟಗೆ ಮಾಡ್ಬೇಕು.”

ರೈಲು ಬರುವ ಸೂಚನೆಯೇ ಇರಲಿಲ್ಲ. ಹಿಂದೆ ಟೊಮೆಟೊ ತುಂಬಿದ ಟೆಂಪೋದವನು ಗೇಟು ತನಗೆ ಹೆದರಿ ಎದ್ದೀತು ಎಂಬಂತೆ ಹಾರನ್ ಒತ್ತುತ್ತಲೇ ಇದ್ದ. ಮುನಿರಾಜು ಫೋನನ್ನು ಜೇಬಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ಅದು ನನ್ನ ಕೆಲಸ ಎಂದು ಆಗಲೇ ಹೇಳಿಬಿಡಬಹುದಿತ್ತು. ಸೆಲ್ವರಾಜನಿಗೆ ಕೇಳಿಸಬೇಕಾದರೆ ಕೂಗಬೇಕು, ಗೇಟಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಾರೆ, ಅದಕ್ಕೇ ಹೇಳಲಿಲ್ಲ ಎಂದು ಕಾರಣ ಹುಡುಕಿಕೊಂಡ. ಹುಡುಕಿದ ಮರುಕ್ಷಣವೇ ಅದು ಸುಳ್ಳೆಂದು ಗೊತ್ತಾಯಿತು. ಹೋದ ಶುಕ್ರವಾರ ಸಂಜೆ ಚರ್ಚಿನ ಅಂಗಳದಲ್ಲಿ ದೊರೆಯ ನೆನಪಿನ ಕಲ್ಲು ನಿಲ್ಲಿಸಿ, ಆಳುಗಳನ್ನು ಕಳಿಸಿ, ಸೆಲ್ವರಾಜ್ ಟೀ ತರಲು ಹೋದ ಐದು ನಿಮಿಷದಲ್ಲಿ, ಊಟದ ಚೀಲದ ತಳದಿಂದ ಕಾಗದದ ಪೊಟ್ಟಣ ತೆಗೆದು, ಕಲ್ಲಿನ ಸುತ್ತ ಹೊಸದಾಗಿ ತುಂಬಿದ ಮಣ್ಣಿನಲ್ಲಿ ಬೆರಳಿನಿಂದ ಗೀರಿ, ನವಧಾನ್ಯ ಸುರಿದು ಮುಚ್ಚಿದವನು ಅವನೇ. ಧಾನ್ಯ ಹಾಕಬೇಕಾದ್ದು ಗುಂಡಿ ತೋಡಿದ ದಿನ, ತಳದಲ್ಲಿ. ಮೇಲೆ ಜಲ್ಲಿ, ಕಾಂಕ್ರೀಟು, ಕಲ್ಲು ಕೂತರೆ ಆ ಕಾಳು ಅಲ್ಲೇ ಕೊಳೆತು ಮಣ್ಣಾಗುತ್ತದೆ, ಯಾರಿಗೂ ಕಾಣುವುದಿಲ್ಲ. ಗಾರೆ ಕಲಸುವ ಆಳಿಗೂ ಗೊತ್ತಿರುವ ವಿಷಯ. ಆದರೆ ಗುಂಡಿ ತೋಡಿದ ದಿನ, ಪೊಟ್ಟಣ ಚೀಲದಲ್ಲಿದ್ದರೂ, ಹಾಕುವುದಿಲ್ಲ ಎಂದು ಅವನು ಹಾಕಿರಲಿಲ್ಲ. ಎರಡು ದಿನ ತನ್ನ ಜೊತೆ ತಾನೇ ಜಗಳವಾಡಿ, ಕಾಂಕ್ರೀಟು ಗಟ್ಟಿಯಾದ ಮೇಲೆ, ಹಾಕಬಾರದ ಜಾಗದಲ್ಲಿ ಹಾಕಿದ. ಆಮೇಲೆ ಎಂದಿನ ರೂಢಿಯಂತೆ ಬುಡಕ್ಕೆ ಗೋಣಿಚೀಲ ಸುತ್ತಿ, ಏಳು ದಿನ ಎರಡು ಹೊತ್ತೂ ನೀರು ತಪ್ಪಬಾರದು, ಸಿಮೆಂಟು ಕ್ಯೂರಿಂಗ್ ಆಗಬೇಕು ಎಂದು ಕಲಾಳಿಗೆ ಹೇಳಿ ಬಂದ. ಬಿತ್ತಿ, ಕತ್ತಲೆ ಮಾಡಿ, ನೀರಿಗೂ ಆಳು ಗೊತ್ತುಮಾಡಿ ಬಂದಂತಾಗಿತ್ತು.

ಗೇಟು ಎದ್ದಾಗ ಎಲ್ಲರಿಗಿಂತ ಮುಂದೆ ನುಗ್ಗಿದವನು ಸ್ವಲ್ಪ ದೂರ ಹೋದ ಮೇಲೆ ತಾನೇ ನಿಧಾನವಾದ. ಈ ಕೆಲಸದ ಮಾತಿಗೆ ಮೊದಲ ಸಲ ಕರೆದಾಗ ಪಾಸ್ಟರು ಫ್ಯಾನಿನ ಕೆಳಗೆ ಕೂರಿಸಿ ಬಹಳ ಸಂಕೋಚದಿಂದ ಕೇಳಿದ್ದರು. ಹಿಂದೆ ಕಾಂಪೌಂಡು ಕಟ್ಟಿದ ಮೇಸ್ತ್ರಿ ಪಾಯಕ್ಕೆ ತೆಂಗಿನಕಾಯಿ ಒಡೆದಿದ್ದನಂತೆ, ಅದರಿಂದ ಕಮಿಟಿಯೇ ಎರಡು ಹೋಳಾಗಿತ್ತಂತೆ. ಇದು ಸಭೆಯನ್ನು ಕಟ್ಟಿದವರ ಕಲ್ಲು, ತಪ್ಪು ತಿಳಿಯಬೇಡಿ, ನೀವು ಆ ತರಹದ್ದು ಏನಾದರೂ… ಎಂದು ನಿಲ್ಲಿಸಿದ್ದರು. “ನಂಗೆ ಆ ಕಾಯಿಲೆ ಇಲ್ಲ ಸಾರ್” ಎಂದಿದ್ದ ಮುನಿರಾಜು. ಕಾಯಿಲೆ ಎಂಬ ಮಾತು ಬಾಯಿಂದ ಬಿದ್ದಾಗ ಎಷ್ಟು ಖುಷಿಯಾಗಿತ್ತು! ಕೋಲಾರದ ಹಾಸ್ಟೆಲ್ಲಿನಲ್ಲಿ ಓದಿದ ಪುಸ್ತಕಗಳು, ಅಪ್ಪ ಬಚ್ಚಪ್ಪ ಮೋರಿ ಕಟ್ಟುವ ಮೊದಲು ಕೋಳಿ ಕುಯ್ದಾಗ ದೂರ ನಿಂತು ನಕ್ಕದ್ದು, ಊರಿನವರು ಇವನನ್ನು ‘ದೇವರಿಲ್ಲದ ಮೇಸ್ತ್ರಿ’ ಎಂದು ಕರೆದದ್ದು, ಎಲ್ಲಕ್ಕೂ ಅಂದು ಒಂದು ಸರಿಯಾದ ಕುರ್ಚಿ ಸಿಕ್ಕಿದಂತೆ. ಮುಂದಿನ ಭಾನುವಾರ ಪಾಸ್ಟರು ಆ ಮಾತನ್ನು ಚರ್ಚಿನಲ್ಲಿ ಎಲ್ಲರೆದುರು ಪ್ರಸಂಗ ಮಾಡುವಾಗಲೇ ಹೇಳಿದರಂತೆ: ನಮ್ಮ ಸಭೆಯವನಲ್ಲ, ಆದರೂ ಕಲ್ಲನ್ನು ಕಲ್ಲೆಂದೇ ತಿಳಿದ ಮನುಷ್ಯ ಎಂದು. ಸೆಲ್ವರಾಜ್ ಅದನ್ನು ಫೋನಿನಲ್ಲಿ ಕೂಗಿ ತಿಳಿಸಿದಾಗ ಮುನಿರಾಜು ಹೆಂಡತಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದ. ಕಲ್ಪನ ಹಾಲಿನ ಕ್ಯಾನು ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ. ಗುಂಡಿ ತೋಡುವ ದಿನ ಮುದ್ದೆಯ ಡಬ್ಬಿಯ ಕೆಳಗೆ ಪೊಟ್ಟಣ ಇಟ್ಟವಳು ಅವಳೇ. ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಪೊಟ್ಟಣ ಖಾಲಿಯಾಗಿ ವಾಪಸು ಬಂದದ್ದನ್ನು ನೋಡಿದ ರಾತ್ರಿ ಎರಡು ತುತ್ತು ಹೆಚ್ಚಿಗೆ ಬಡಿಸಿದ್ದಳು, ಅಷ್ಟೆ.

ರಸ್ತೆಯ ಬಲಕ್ಕೆ ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ದಿಬ್ಬ ಕಾಣತೊಡಗಿತು. ಗಾಳಿ ಬಂದಾಗ ಅದರ ಧೂಳು ಹಲ್ಲಿಗೆ ಸಿಗುತ್ತದೆ. ಗಾರೆ ಆಳು ಅಮ್ಮಾಜಮ್ಮ ಮೇಲಿಂದ ಬಿದ್ದ ದಿನವೂ ಹೀಗೇ ಗಾಳಿ ಇತ್ತೇ? ಇರಲಿಲ್ಲ. ಗಾಳಿಗೆ ಬಿದ್ದಳು ಎಂದು ಅವನು ಎಲ್ಲರಿಗೂ ಹೇಳಿಕೊಂಡು ಬಂದಿದ್ದ, ಈಗ ತನಗೂ ಹೇಳಿಕೊಳ್ಳುತ್ತಿದ್ದ. ಬೇತಮಂಗಲದ ಹತ್ತಿರ ಒಂದು ಮನೆ, ಎರಡನೇ ಮಹಡಿ, ಸರ್ವೆ ಕಂಬಗಳನ್ನು ಹಗ್ಗದಿಂದ ಬಿಗಿದ ಸಾರುವೆಯ ಮೇಲೆ ಗಾರೆ ಬಾಂಡ್ಲಿ ಹೊತ್ತು ನಿಂತಿದ್ದ ಅಮ್ಮಾಜಮ್ಮ. ಹಗ್ಗ ಹಳತು. ಬೆಳಿಗ್ಗೆ ಕೈಯಲ್ಲಿ ಹಿಡಿದಾಗಲೇ ನಾರು ನಾರಾಗಿ ಬರುತ್ತಿತ್ತು. ಇವತ್ತೊಂದು ದಿನ ಆಗಲಿ ಎಂದು ಅದನ್ನೇ ಕಟ್ಟಿಸಿದ್ದ. ಸೊಂಟ ಮುರಿದ ಅಮ್ಮಾಜಮ್ಮ ಆಸ್ಪತ್ರೆಯ ಮಂಚದ ಮೇಲೆ ಅವನ ಕೈ ಹಿಡಿದು ಕೇಳಿದ್ದು ಹಗ್ಗದ ಮಾತಲ್ಲ. “ಪಾಯಕ್ಕೆ ಏನೂ ಆಕಿರ್ಲಿಲ್ವಂತಲ್ಲ ಮೇಸ್ತ್ರಿ, ಅದಕ್ಕೇ ಇಂಗಾಯ್ತು” ಎಂದಿದ್ದಳು. ಅಪ್ಪನೂ ಅದನ್ನೇ ಕೇಳಿದ್ದ, ಮನೆಯ ಯಜಮಾನನೂ. ಇಡೀ ಊರು ಒಟ್ಟಾಗಿ ಅವನ ಅಪರಾಧವನ್ನು ಒಂಬತ್ತು ಕಾಳಿಗೆ ಇಳಿಸಿಕೊಟ್ಟಿತ್ತು. ಮೂಢನಂಬಿಕೆ ಎಂದು ಅವರನ್ನೆಲ್ಲ ಬೈಯುತ್ತಲೇ ಅವನು ಆ ಕಾಳಿನ ಹಿಂದೆ ಅಡಗಿಕೊಂಡಿದ್ದ. ಹಗ್ಗದ ಮಾತು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹಾಗಾದರೆ ಶುಕ್ರವಾರ ಸಂಜೆ ಹೆದರಿದ್ದು ಯಾವುದಕ್ಕೆ? ದೊರೆಗೆ ಅಲ್ಲ. ವಿಲಿಯಂ ಟ್ರೆಗೆನ್ನ ಎಂಬ ಆ ಗಣಿ ಕ್ಯಾಪ್ಟನ್, ನೂರಿಪ್ಪತ್ತು ವರ್ಷದ ಹಿಂದೆ ವಾರವಿಡೀ ಕೂಲಿಗಳನ್ನು ಪಾತಾಳಕ್ಕಿಳಿಸಿ, ಭಾನುವಾರ ತಗಡಿನ ಶೆಡ್ಡಿನಲ್ಲಿ ಅವರಿಗೇ ಪ್ರಾರ್ಥನೆ ಹೇಳಿಕೊಟ್ಟು ಈ ಸಭೆ ಕಟ್ಟಿದವನು, ತನ್ನ ದೇಶಕ್ಕೆ ಹಿಂತಿರುಗಿ ಅಲ್ಲೇ ಸತ್ತಿದ್ದ. ಇಲ್ಲಿ ನಿಂತದ್ದು ಹೆಸರು ಮಾತ್ರ, ಕೆಳಗೆ ಒಂದು ಮೂಳೆಯೂ ಇಲ್ಲ. ಎದೆಯೆತ್ತರದ ಕರಿ ಕಲ್ಲು ಕೆಳಗೆ ಏನೂ ಇಲ್ಲದೆ ನಿಂತಿರುವುದನ್ನು ನೋಡುತ್ತ ನೋಡುತ್ತ ಅವನ ಕೈ ತಾನಾಗಿ ಊಟದ ಚೀಲಕ್ಕೆ ಹೋಗಿತ್ತು. ಹೊಸ ಹಗ್ಗ ತರಲು ಅಂಗಡಿಗೆ ಹೋಗಬೇಕು. ಕಾಳು ಚೀಲದಲ್ಲೇ ಇತ್ತು.

ಚರ್ಚಿನ ಅಂಗಳದಲ್ಲಿ ಶಾಮಿಯಾನದ ಕಂಬಗಳು ಎದ್ದಿದ್ದವು, ಬಟ್ಟೆ ಇನ್ನೂ ಕಟ್ಟಿರಲಿಲ್ಲ. ಕಲ್ಲಿಗೆ ನಾಳೆ ಹೊದಿಸಬೇಕಾದ ಬಿಳಿ ಬಟ್ಟೆ ಒಂದು ಕುರ್ಚಿಯ ಮೇಲೆ ಮಡಚಿ ಕೂತಿತ್ತು. ಗೋಣಿಚೀಲ ಸರಿದ ಬುಡದ ಸುತ್ತ ಮೊಳಕೆಗಳು ತೆಳ್ಳಗೆ, ಬಿಸಿಲು ಕಾಣದ ಹಳದಿಯಲ್ಲಿ, ಒಂದರ ಮೇಲೊಂದು ಒರಗಿ, ಅವನು ಬೆರಳಿನಿಂದ ಗೀರಿದ ಗೆರೆಯಲ್ಲೇ ಸಾಲಾಗಿ ನಿಂತಿದ್ದವು. ಇಷ್ಟು ಚೆನ್ನಾಗಿ ಬಂದಾವೆಂದು ಅವನೂ ಎಣಿಸಿರಲಿಲ್ಲ. ಕಲಾ ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ರಿಟೈರಾದ ಟೀಚರ್ ಇಂದ್ರಾಣಿಯವರು ಕೊಡೆಯ ತುದಿಯಿಂದ ಮೊಳಕೆಗಳನ್ನು ತೋರಿಸುತ್ತ ಪಾಸ್ಟರಿಗೆ ಹೇಳುತ್ತಿದ್ದರು. ಪಾಸ್ಟರು ಹೊಸಬರು, ಈ ಕಡೆಯವರಲ್ಲ.

“ಅಯ್ಯಾ, ಇದು ಮುಳೈಪಾರಿ. ಆಡಿ ತಿಂಗಳಲ್ಲಿ ಇವರೆಲ್ಲಾ ಮಡಕೇಲಿ ಒಂಬತ್ತು ಕಾಳು ಹಾಕಿ ಕತ್ತಲೇಲಿ ಬೆಳೆಸ್ತಾರೆ. ಆಮೇಲೆ ತಲೆ ಮೇಲೆ ಹೊತ್ಕೊಂಡು ಮಾರಿಯಮ್ಮನ ಮುಂದೆ ಕುಣೀತಾರೆ. ನಮ್ಮ ಪಾಟಿ, ನಮ್ಮಜ್ಜಿ ಕೂಡ ಹೊತ್ತವಳೇ, ರಕ್ಷಣೆ ಹೊಂದಿ ಸಭೆಗೆ ಸೇರೋಕೆ ಮುಂಚೆ. ನಂಗೆ ಗೊತ್ತಾಗಲ್ವಾ?”

“ನಾನು ನೀರು ಆಕಿದ್ದು ಮಾತ್ರ ಟೀಚರ್” ಎಂದಳು ಕಲಾ. “ಮೇಸ್ತ್ರಿ ಆಕು ಅಂದ್ರು, ಆಕ್ದೆ.”

“ನೀರಿಗೆ ಗೋಧಿ ಹುಟ್ತದಾ?”

ಕಲಾ ಮುನಿರಾಜುವಿನ ಕಡೆ ನೋಡಿದಳು. ನೋಟದಲ್ಲಿ ಬೇಡಿಕೆಯೇನೂ ಇರಲಿಲ್ಲ. ಬಂದ ಬಸ್ಸಿನ ಬೋರ್ಡು ನೋಡುವ ಹಾಗೆ ನೋಡಿದಳು. ಅವನಿಗೆ ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸಿತು.

“ಅವಳಲ್ಲ, ನಾನೇ ಆಕಿದ್ದು” ಎಂದ.

ಹೇಳಿದ ಕೂಡಲೇ ಅವನ ಮೈ ಹಗುರಾಯಿತು, ಆ ಹಗುರವೇ ಅವನಿಗೆ ನಾಚಿಕೆ ತಂದಿತು. ಸೆಲ್ವರಾಜ್ ಕಿವಿಗೆ ಕೈ ಇಟ್ಟು “ಏನಂತೆ?” ಎಂದು ಪಾಸ್ಟರನ್ನು ಕೇಳಿದ. ಪಾಸ್ಟರು ಹೇಳಿದರು. ಸೆಲ್ವರಾಜ್ ನಕ್ಕುಬಿಟ್ಟ. “ಅಯ್ಯೋ ಮೇಸ್ತ್ರಿ, ನಿಮ್ದು ತಂಗಮಾನ ಮನಸು, ಚಿನ್ನದಂತದ್ದು! ಬಡವಳು ಅಂತ ಅವಳ ತಪ್ಪು ತಮ್ಮ ಮೇಲೆ ಎತ್ಕೊಂತಾವ್ರೆ ನೋಡಿ ಅಯ್ಯಾ. ಇವ್ರು ಸ್ವಂತ ಮನೆ ಪಾಯಕ್ಕೇ ಕಾಯಿ ಒಡೀದೋರು, ದೊರೆ ಕಲ್ಲಿಗೆ ಆಕ್ತಾರಾ?”

“ನಿಜವಾಗ್ಲೂ ನಾನೇ. ಶುಕ್ರವಾರ ಸಂಜೆ, ನೀವು ಟೀ ತರಕ್ಕೆ ಓದಾಗ.”

“ಯಾಕೆ ಹಾಕಿದ್ರಿ?” ಪಾಸ್ಟರು ಮೃದುವಾಗಿ ಕೇಳಿದರು. ಉತ್ತರಕ್ಕೆ ಬಾಯಿ ತೆರೆದವನಿಗೆ ಹಗ್ಗ ನೆನಪಾಯಿತು, ನಾರು ನಾರಾದ ಹಗ್ಗ. ಅದನ್ನು ಬಿಟ್ಟರೆ ಹೇಳಲು ಬೇರೆ ಕಾರಣ ಇರಲಿಲ್ಲ. “ಸುಮ್ನೆ” ಎಂದ. ಪಾಸ್ಟರು ಇಂದ್ರಾಣಿಯವರ ಮುಖ ನೋಡಿ ಸಣ್ಣಗೆ ನಕ್ಕರು. ಸುಳ್ಳು ಹೇಳಲು ಬಾರದ ಸಜ್ಜನನನ್ನು ಕಂಡ ನಗು ಅದು.

“ಸರಿ ಮೇಸ್ತ್ರಿ, ಯಾವ್ಯಾವ ಕಾಳು ಹಾಕಿದ್ರಿ ಹೇಳಿ ನೋಡೋಣ” ಎಂದರು ಇಂದ್ರಾಣಿ, ಮೂವತ್ತು ವರ್ಷ ಮಕ್ಕಳನ್ನು ನಿಲ್ಲಿಸಿ ಕೇಳಿದ ದನಿಯಲ್ಲಿ.

“ಹುರುಳಿ… ಹೆಸರು, ಅವರೆ. ತೊಗರಿ. ಕಡಲೆ, ಭತ್ತ…” ಅಲ್ಲಿಗೆ ನಿಂತಿತು. ಪೊಟ್ಟಣದೊಳಗೆ ಅವನು ಕಣ್ಣು ಹಾಯಿಸಿರಲೇ ಇಲ್ಲ, ಮುಖ ತಿರುಗಿಸಿ ಸುರಿದಿದ್ದ. ಅಪ್ಪ ಪ್ರತಿ ಸಲ ಎಣಿಸಿ ಹಾಕುವಾಗ ಇವನು ದೂರ ನಿಂತು ನಗುತ್ತಿದ್ದ. ಮೊಳಕೆಗಳನ್ನು ನೋಡಿದ. ಈ ಹಳದಿಯಲ್ಲಿ ಎಲ್ಲವೂ ಒಂದೇ ತರಹ. ಕ್ಲಾಸಿನಲ್ಲಿ ಎದ್ದು ನಿಂತು ಮಗ್ಗಿ ಮರೆತವನಂತೆ ನಿಂತಿದ್ದಾಗ ಪಕ್ಕದಿಂದ ಪಿಸುಮಾತು ಬಂತು. “ಗೋಧಿ, ಎಳ್ಳು, ಉದ್ದು.”

ಕಲಾ ಅವನಿಗೆ ಸಹಾಯ ಮಾಡಿದ್ದಳು. ಅವನು ಹೇಳುತ್ತಿದ್ದುದು ನಿಜವಾಗಲಿ ಎಂದು ಹೇಳಿಕೊಟ್ಟಿದ್ದಳು. ಹೇಳಿದ ಮೇಲೆ ಏನು ಹೇಳಿದೆನೆಂದು ತಿಳಿದು ತುಟಿ ಕಚ್ಚಿಕೊಂಡಳು.

“ಕೇಳಿದ್ರಾ ಅಯ್ಯಾ?” ಎಂದರು ಇಂದ್ರಾಣಿ. “ಯಾರಿಗೆ ಬಾಯಿಪಾಠ ಅಂತ.”

“ನನ್ನ ಹೆಂಡ್ತೀನ ಕೇಳಿ, ಅವಳೇ ಕಟ್ಟಿಕೊಟ್ಟಿದ್ದು” ಎಂದು ಮುನಿರಾಜು ಫೋನು ತೆಗೆದು ಸ್ಪೀಕರಿಗೆ ಹಾಕಿದ. ಆ ಕಡೆ ಹಸುವಿನ ಕೊರಳ ಗಂಟೆ ಕೇಳಿಸಿತು. “ಲೇ ಕಲ್ಪನ, ಚರ್ಚಿನ ಪಾಸ್ಟರ್ ಅವ್ರೆ ಇಲ್ಲಿ. ಓದ ವಾರ ನೀನು ಚೀಲದಾಗೆ ನವಧಾನ್ಯ ಇಟ್ಟಿದ್ದೆ ಅಲ್ವಾ? ಹೇಳು.”

ಗಂಟೆ ಎರಡು ಸಲ ಅಲುಗಿತು. ಆಮೇಲೆ ಕಲ್ಪನಳ ದನಿ ಬಂತು. ಮನೆಗೆ ಬಂದ ಸರ್ಕಾರಿ ನೌಕರರ ಜೊತೆ ಮಾತಾಡುವಾಗಿನ ಹುಷಾರು ದನಿ. “ಯಾವ ಧಾನ್ಯ? ನಾನ್ಯಾಕೆ ಇಡ್ಲಿ? ನಮ್ಮ ಯಜಮಾನ್ರು ಅವೆಲ್ಲಾ ನಂಬಲ್ಲ ಸಾರ್. ನಮ್ಮನೇಗೆ ಒಂದು ಊದಿನಕಡ್ಡಿ ಅಚ್ಚಕ್ಕೂ ಬಿಡಲ್ಲ. ನಿಮ್ಮ ಕೆಲಸಾನ ದೇವರಾಣೆ ಸುದ್ದವಾಗಿ ಮಾಡವ್ರೆ.”

“ಲೇ, ನಿಜ ಹೇಳು ಅಂದ್ರೆ…”

“ನಿಜಾನೇ ಹೇಳ್ತಿರೋದು” ಎಂದು ಅವಳು ಇಟ್ಟುಬಿಟ್ಟಳು. ಸೆಲ್ವರಾಜ್ ತೊಡೆ ತಟ್ಟಿಕೊಂಡು ನಕ್ಕ. ಪಾಸ್ಟರು ಮುನಿರಾಜುವಿನ ಭುಜದ ಮೇಲೆ ಕೈಯಿಟ್ಟು, ಸಾಕು ಮೇಸ್ತ್ರಿ, ನಿಮ್ಮ ಮನಸ್ಸು ನಮಗೆ ಅರ್ಥವಾಗಿದೆ ಎಂದರು. ಹಾರೆ ತಂದು ಅಗೆಯೋಣವೇ, ಗೆರೆಯಲ್ಲಿ ನನ್ನ ಬೆರಳಿನ ಗುರುತು ಇರುತ್ತದೆ ಎಂದು ಹೇಳಬೇಕೆನ್ನಿಸಿತು. ಎಂಥ ದಡ್ಡ ಮಾತು! ತಾನು ಇಷ್ಟು ವರ್ಷ ಅಚ್ಚುಕಟ್ಟಾಗಿ ಕಟ್ಟಿದ ‘ದೇವರಿಲ್ಲದ ಮೇಸ್ತ್ರಿ’ ಎಂಬ ಮನುಷ್ಯ ಎದುರಿಗೆ ನಿಂತು ಬಾಗಿಲು ಹಾಕಿಕೊಂಡಿದ್ದ. ಇವನನ್ನು ಒಳಗೆ ಬಿಡುತ್ತಿರಲಿಲ್ಲ.

ಪಾಸ್ಟರು ಕಲಾಳ ಕಡೆ ತಿರುಗಿದರು. “ನೋಡಮ್ಮ, ಯಾರನ್ನೂ ಕೆಲಸದಿಂದ ತೆಗೆಯೋದು ನನಗೆ ಇಷ್ಟ ಇಲ್ಲ. ಒಪ್ಪಿಕೊಂಡವರಿಗೆ ಕ್ಷಮೆ ಇದೆ. ಒಪ್ಪಿಕೊಳ್ಳದೆ ಇದ್ದರೆ ಮಾತ್ರ ನನ್ನ ಕೈಯಲ್ಲಿ ಏನೂ ಇಲ್ಲ, ಕಮಿಟಿ ತೀರ್ಮಾನ ಮಾಡುತ್ತೆ.”

ಕಲಾ ಹೆಚ್ಚು ಯೋಚಿಸಲಿಲ್ಲ. ಕಂಕುಳಿನ ಪೊರಕೆಯನ್ನು ಕೆಳಗಿಟ್ಟಳು, ಸೆರಗು ಮುಂದಕ್ಕೆ ಎಳೆದುಕೊಂಡಳು. “ನಾನೇ ಆಕಿದ್ದು ಅಯ್ಯಾ. ತಪ್ಪಾಯ್ತು.”

ಬಸ್ಸಿಗೆ ಟಿಕೆಟ್ ಕೇಳುವಷ್ಟು ಸಲೀಸಾಗಿ ಬಂದ ಮಾತು. ಅವಳು ಹೀಗೆ ಎಷ್ಟು ಕಡೆ, ಎಷ್ಟು ಜನರ ಎದುರು ಹೇಳಿ ಪಳಗಿರಬೇಕು ಎಂದು ಮುನಿರಾಜು ಯೋಚಿಸಿದ. ಅಮ್ಮಾಜಮ್ಮನೂ ಮಂಚದ ಮೇಲೆ ಮಲಗಿಕೊಂಡೇ, ನಾನೇ ಕಾಲು ನೋಡ್ಕೊಂಡು ಇಡ್ಬೇಕಿತ್ತು ಮೇಸ್ತ್ರಿ ಎಂದಿದ್ದಳು. ಆಗ ಅವನು ಇಲ್ಲ ಅಂದಿರಲಿಲ್ಲ.

“ಹಾಗಾದ್ರೆ ಒಂದು ಮಾತು” ಎಂದರು ಇಂದ್ರಾಣಿ. “ಚರ್ಚಿನ ಕೆಲಸ ಬೇಕು ಅಂದ್ರೆ ಈ ಆಡಿಗೆ ಪಾರಿ ಹೊರಕೂಡದು. ಇಲ್ಲಿ ಗುಡಿಸೋ ಕೈ ಅಲ್ಲಿ ಅದನ್ನ ಎತ್ತಿದ್ರೆ ಜನ ನಮ್ಮನ್ನ ಕೇಳ್ತಾರೆ. ಒಪ್ಪಿಗೆನಾ?”

ಈ ಸಲ ಕಲಾ ಕೆಳಗಿಟ್ಟ ಪೊರಕೆಯನ್ನೇ ನೋಡಿದಳು. ಸೆಲ್ವರಾಜ್ ಕೂಡ, ಅವನ ತಂಗಿಯ ಗಂಡನ ಕಡೆಯವರೆಲ್ಲ ಇನ್ನೂ ಹೊರುವವರೇ ಆದ್ದರಿಂದಲೋ ಏನೋ, ನೆಲ ನೋಡಿದ. “ಹನ್ನೊಂದು ವರ್ಷದಿಂದ ಪಾರಿ ಒತ್ಕೊಂಡು ಬಂದಿದೀನಿ ಟೀಚರ್” ಎಂದಳು ಕಲಾ. “ಮಗೂಗೆ ಫಿಟ್ಸು ನಿಂತ ವರ್ಷದಿಂದ.” ಈಗ ತಾನು ಮತ್ತೊಮ್ಮೆ ಕೂಗಿ ಹೇಳಬೇಕು ಎಂದು ಮುನಿರಾಜುವಿಗೆ ಗೊತ್ತಿತ್ತು. ನಂಬದಿದ್ದರೂ ಹೇಳಬೇಕು, ಹಗ್ಗದಿಂದ ಶುರುಮಾಡಿ ಎಲ್ಲವನ್ನೂ ಹೇಳಬೇಕು, ಆಗ ನಂಬುತ್ತಾರೆ. ಹಗ್ಗದ ಮಾತು ಒಮ್ಮೆ ಆಡಿದರೆ ಸುತ್ತಲಿನ ಊರಿಗೆಲ್ಲ ಹಬ್ಬುತ್ತದೆ. ಅಮ್ಮಾಜಮ್ಮನ ಊರು ಇಲ್ಲಿಂದ ಎಂಟು ಮೈಲಿ. ಇಂದ್ರಾಣಿಯವರ ಕೊಡೆಯ ಹಿಡಿ ಹಕ್ಕಿಯ ತಲೆಯ ಆಕಾರದಲ್ಲಿತ್ತು. ಅದನ್ನೇ ನೋಡುತ್ತ ನಿಂತ.

“ಸರಿ ಟೀಚರ್” ಎಂದಳು ಕಲಾ.

ಪಾಸ್ಟರು ಅವಳ ತಲೆಯ ಮೇಲೆ ಕೈಯಿಟ್ಟು ಕಣ್ಣುಮುಚ್ಚಿ ಪ್ರಾರ್ಥಿಸಿದರು. ಒಳ್ಳೆಯ ಮನುಷ್ಯ, ದನಿಯೂ ನಡುಗುತ್ತಿತ್ತು. ಕಲಾ ಕಣ್ಣು ಮುಚ್ಚಿರಲಿಲ್ಲ. ಆಮೇಲೆ ಎಲ್ಲರೂ ಶಾಮಿಯಾನದವನನ್ನು ಬೈಯಲು ಹೋದರು. ಮುನಿರಾಜು ಕುಕ್ಕರುಗಾಲಲ್ಲಿ ಕೂತು ಮೊಳಕೆ ಕೀಳತೊಡಗಿದ. ಬೇರುಗಳು ಮಣ್ಣನ್ನು ಬಿಗಿಯಾಗಿ ಹಿಡಿದಿದ್ದವು. ಕಲಾ ಮೊರ ತಂದು ಪಕ್ಕದಲ್ಲಿಟ್ಟು ಎದುರಿಗೆ ಕೂತಳು. ಕಿತ್ತದ್ದನ್ನು ಅವನು ಹಾಕಿದ ಹಾಗೆ ಅವಳು ಮಣ್ಣು ಕೊಡವಿ ಒಪ್ಪ ಮಾಡುತ್ತಿದ್ದಳು.

“ನಾನು ನೋಡ್ದೆ ಮೇಸ್ತ್ರಿ” ಎಂದಳು. “ಶುಕ್ರವಾರ. ಟ್ಯಾಂಕಿ ಹತ್ರ ಇದ್ದೆ.”

“ಮತ್ತೆ ಹೇಳಬಾರ್ದಾಗಿತ್ತಾ?”

“ನೀವೇ ಹೇಳಿದ್ರಲ್ಲ. ಏನಾಯ್ತು?” ಎಂದು ನಕ್ಕಳು. ಹಲ್ಲು ಕಾಣದ ನಗು. “ಒಂದು ಕೇಳ್ತೀನಿ. ಆಕೋವಾಗ ಏನಂತ ಬೇಡ್ಕೊಂಡ್ರಿ?”

“ಏನೂ ಇಲ್ಲ.”

“ಏನೂ ಇಲ್ವಾ? ಅಷ್ಟು ಚೆನ್ನಾಗಿ ಬಂದೈತೆ, ನಮ್ಮ ಮಡಕೇಲೂ ಇಂಗೆ ಬರಲ್ಲ. ದಂಡ ಆಯ್ತಲ್ಲ ಮೇಸ್ತ್ರಿ.” ನಿಜವಾಗಿಯೂ ನಷ್ಟವಾದವಳ ಹಾಗೆ ಹೇಳಿದಳು. ಅವನು ಕ್ಷಮಿಸು ಎನ್ನುವವನಿದ್ದ. ಆ ಮಾತೂ ಮೊದಲಿನದರಂತೆ ತನ್ನ ಮೈ ಹಗುರ ಮಾಡಿಕೊಳ್ಳುವುದಕ್ಕೇ ಎಂದು ತಿಳಿದು ನಿಲ್ಲಿಸಿದ. ನಿಲ್ಲಿಸಿದ್ದೂ ಒಂದು ದೊಡ್ಡತನದಂತೆ ಒಳಗೇ ಕಂಡು ಹೇಸಿಗೆಯಾಯಿತು. ಬಿಳಿ ಸಿಮೆಂಟು ಕಲಸಿ, ಗೆರೆ ಇದ್ದ ಕಡೆಯೆಲ್ಲ ಕರಣೆಯಿಂದ ಒತ್ತಿ ಒತ್ತಿ ನುಣುಪು ಮಾಡಿದ. ಇನ್ನು ಅಲ್ಲಿ ಏನೂ ಹುಟ್ಟುವುದಿಲ್ಲ. ಕೆಲಸ ಚೆನ್ನಾಗಿ ಬಂದಿತ್ತು. ಸ್ವಲ್ಪ ದೂರ ನಿಂತು ಓರೆಯಾಗಿ ನೋಡಿದ, ಅಭ್ಯಾಸದಂತೆ.

ಸೆಲ್ವರಾಜ್ ದೂರದಿಂದಲೇ ಕೂಗುತ್ತ ಬಂದ. “ಮೇಸ್ತ್ರಿ, ಸಂದೋಷ ಸಮಾಚಾರ! ನಾಳೆ ಕಲ್ಲು ತೆರೆದ ಮೇಲೆ ನಿಮಗೆ ಶಾಲು ಒದಿಸ್ಬೇಕು ಅಂತ ಅಯ್ಯ ಏಳವ್ರೆ. ಕಲ್ಲು ನಿಲ್ಲಿಸಿದ್ದಕ್ಕೆ ಮಾತ್ರ ಅಲ್ಲ. ಒಬ್ಬ ಬಡ ಎಂಗಸಿನ ತಪ್ಪನ್ನ ತನ್ನ ತಲೆ ಮೇಲೆ ಆಕ್ಕೊಳಕ್ಕೆ ಬಂದ್ರಲ್ಲ, ಅದನ್ನ ಮೈಕ್ನಾಗೆ ಏಳ್ತಾರಂತೆ. ಎಂಡ್ತಿ ಮಕ್ಳನ್ನ ಕರ್ಕೊಂಡು ಬನ್ನಿ. ಪೇಪರ್‌ನೋರೂ ಬತ್ತಾರೆ.”

ಕಲಾ ಮೊರ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದಳು. ಬೇಡ, ನನಗೆ ಬೇರೆ ಕೆಲಸ ಇದೆ, ನಾನು ಬರುವುದಿಲ್ಲ. ಮುನಿರಾಜುವಿನಲ್ಲಿ ಮೂರು ಉತ್ತರಗಳೂ ಸಿದ್ಧವಾಗಿದ್ದವು. ಅವನು ಕರಣೆಯ ಅಂಚಿಗೆ ಅಂಟಿದ ಸಿಮೆಂಟನ್ನು ಹೆಬ್ಬೆರಳಿನಿಂದ ಒರೆಸಿದ. ಒರೆಸುತ್ತ ತನ್ನದೇ ದನಿ ಕೇಳಿಸಿಕೊಂಡ.

“ಎಷ್ಟು ಗಂಟೆಗೆ ಬರ್ಬೇಕು?”

ಸೆಲ್ವರಾಜನಿಗೆ ಕೇಳಿಸಲಿಲ್ಲ. ಕಿವಿಗೆ ಕೈಯಿಟ್ಟು ಬಗ್ಗಿದ.

“ಹತ್ತು ಗಂಟೆಗೆ ಮೇಸ್ತ್ರಿ” ಎಂದಳು ಕಲಾ. “ಅಷ್ಟೊತ್ತಿಗೆ ಗುಡಿಸಿರ್ತೀನಿ.”